ಹುಲ್ಲಿನ ಬಾಬ್ತು

ಕರೇಕಲ್ಲು ನಾಡಕಚೇರಿಯ ಹಿಂದಿನ ಕೋಣೆ,
ಬೀಗ ತೆಗೆದರೆ ಮೊದಲು ಬಾವಲಿ ವಾಸನೆ,
ಆಮೇಲೆ ಕಾಗದದ್ದು.
ಸೋಮವಾರದೊಳಗೆ ಎಲ್ಲ ಕಟ್ಟೂ ಶಿರಾ ಸೇರಬೇಕಂತೆ.
ಹೋಬಳಿ ರದ್ದಾಯಿತು. ಹನ್ನೊಂದು ಹಳ್ಳಿಯಲ್ಲಿ
ಆರು ಅತ್ತ, ಐದು ಇತ್ತ;
ಕೆರೆ ಒಂದು ಹೋಬಳಿಗೆ, ಅದರ ತೂಬು ಇನ್ನೊಂದಕ್ಕೆ.

ನಾನು ಇಲ್ಲಿಯ ಜವಾನ, ಕದರಪ್ಪ.
ಓದುವುದು ನನ್ನ ಕೆಲಸವಲ್ಲ, ಧೂಳು ಹೊಡೆಯುವುದು.
ಆದರೆ ಮೂವತ್ತೊಂದು ವರ್ಷ ಹೊಡೆದವನ ಎದುರು
ಮೋಡಿ ಅಕ್ಷರವೂ ನಾಚಿಕೆ ಬಿಡುತ್ತದೆ.

ಎಲ್ಲಕ್ಕೂ ಅಡಿಯಲ್ಲಿ ಒಂದು ಕಡತ,
ಇದ್ದಿಲು ಮೆತ್ತಿದ ಬಟ್ಟೆ, ಮಡಿಕೆ ಮಡಿಕೆ,
ಬಳಪದ ಬರಹ:
ಕರೇಕಲ್ಲು ಕಟ್ಟೆ. ಊರು ಹನ್ನೊಂದು.
ಶಿರಾ ಲಾಯದ ಕುದುರೆಗಳ ಬಾಬ್ತು
ಊರೊಂದಕ್ಕೆ ನಲವತ್ತು ಹೊರೆ ಹುಲ್ಲು.

ದಿಲ್ಲಿಯಲ್ಲಿ ಬಾದಶಹ ಯಾರೆಂದು
ನಮ್ಮ ಹಿರೀಕರಿಗೆ ಗೊತ್ತಿರಲಿಲ್ಲ.
ಹೆಸರು ಇಲ್ಲಿಗೆ ಮುಟ್ಟುವಷ್ಟರಲ್ಲಿ
ಇನ್ನೊಬ್ಬ ಕೂತಿರುತ್ತಿದ್ದ.
ಕುದುರೆಗಳು ಮಾತ್ರ ಗೊತ್ತಿದ್ದವು.
ಮಚ್ಚೆಯದು, ಕುಂಟುವುದು, ಕರಡ ಹುಲ್ಲು ಮೂಸಿ
ಮುಖ ತಿರುಗಿಸುವ ಅರಬ್ಬಿಯದು.

ಶಿರಾ ಕೋಟೆಯ ಮೇಲೆ ಬಾವುಟ ಬದಲಾಯಿತು.
ಮರಾಠರು ಬಂದರು, ಮಸಿ ಹೊಸದು, ಹೊರೆ ನಲವತ್ತೇ.
ಪಟ್ಟಣದವರು ಬಂದರು, ನಲವತ್ತೈದು.
ಮತ್ತೆ ಮರಾಠರು. ಮತ್ತೆ ಪಟ್ಟಣದವರು.
ಒಂದು ವರ್ಷ ಇಬ್ಬರೂ ವಸೂಲಿ ಮಾಡಿದ್ದಾರೆ,
ಎರಡೂ ರಸೀತಿ ಒಂದೇ ದಾರದಲ್ಲಿ ಪೋಣಿಸಿದೆ.

ಆಮೇಲೆ ಕಂಪನಿಯವರು. ಕುದುರೆಗಳನ್ನು
ಹೊಡೆದುಕೊಂಡು ಹೋದರು, ಲಾಯದ ಸೂರು ಕುಸಿಯಿತು,
ಅಲ್ಲಿ ಈಚಲು ಬೆಳೆಯಿತು.
ಹುಲ್ಲಿನ ಬಾಬ್ತು ಹಾಗೇ ಉಳಿಯಿತು,
ಹೊರೆಗೆ ಬದಲು ದುಡ್ಡು ಅಷ್ಟೆ.

ಇಲ್ಲಿ ಬರುತ್ತಾಳೆ ಗಿರಿಯಕ್ಕ,
ಜುಂಜಣ್ಣನ ಹೆಂಡತಿ, ಕಂಬಳಿಯವರ ಮನೆಯವಳು.
ದುಡ್ಡಿಲ್ಲ ಎಂದವಳೇ ಹೊರೆ ಹುಲ್ಲು ತಲೆಗೇರಿಸಿ
ಮೂರು ಹರಿದಾರಿ ನಡೆದು
ಅಮಲ್ದಾರರ ಕಚೇರಿ ಬಾಗಿಲಿಗೆ ಒಗೆದು ಕೇಳಿದಳಂತೆ:
‘ತಗಳ್ರಪ್ಪ ಹುಲ್ಲು. ಎಲ್ಲಿ ಕುದ್ರೆ? ತೋರ್ಸಿ,
ನಾನೇ ತಿನ್ನಿಸಿ ಹೋಗ್ತೀನಿ.’

ಗುಮಾಸ್ತ ಆ ಮಾತು ಬರೆದಿಲ್ಲ.
ಬರೆದದ್ದು ಇಷ್ಟು:
ಸದರಿ ಹುಲ್ಲು ಹರಾಜು, ಎರಡಾಣೆ.
ಹರಾಜಿನ ಖರ್ಚು, ತಮಟೆಯವನಿಗೆ ಸೇರಿ, ಮೂರಾಣೆ.
ಬಾಕಿ ಒಂದಾಣೆ ಕಟ್ಟೆಯ ಮೇಲೆ ಹಾಕುವುದು.

ಆ ಒಂದಾಣೆಯನ್ನು ಯಾರೂ ಕಟ್ಟಲಿಲ್ಲ.
ಯಾರೂ ಬಿಡಲೂ ಇಲ್ಲ.
ಪುಟದಿಂದ ಪುಟಕ್ಕೆ ಅದು ನಡೆದು ಬಂದಿದೆ,
ದೊಡ್ಡ ಬರ ದಾಟಿ, ಪ್ಲೇಗು ದಾಟಿ,
ಮಹಾರಾಜರು ಹೋಗಿ ಮಂತ್ರಿಗಳು ಬಂದದ್ದನ್ನು ದಾಟಿ.
ನಯಾಪೈಸೆ ಬಂದಾಗ ಆರೂಕಾಲು ಪೈಸೆಯಾಯಿತು.
ಕಾಲು ಪೈಸೆಯನ್ನು ಯಾವ ಕಲಮಿನಲ್ಲಿ ತೋರಿಸಬೇಕೆಂದು
ಶಾನುಭೋಗ ವೆಂಕಟವರದಯ್ಯ ಪತ್ರ ಬರೆದಿದ್ದಾರೆ.
ಎರಡು ನೆನಪೋಲೆ ಕೂಡ. ಉತ್ತರ ಬಂದಿಲ್ಲ.

ಸಾಲ ತೀರಿಸಲು ಹೋಗಿ ಸಾಲ ಹೊತ್ತು ಬಂದವರನ್ನು
ಈ ಸೀಮೆಯಲ್ಲಿ ಇವತ್ತಿಗೂ ‘ಗಿರಿಯಕ್ಕನ ಹೊರೆ’ ಅನ್ನುತ್ತಾರೆ.
ಏಕೆಂದು ಕೇಳಿದರೆ ಗೊತ್ತಿಲ್ಲ.

ಈಗ ಹೋಬಳಿಯೇ ಇಲ್ಲ. ಬಾಕಿ ಯಾರಿಗೆ?
ಆರು ಹಳ್ಳಿಗೋ, ಐದಕ್ಕೋ,
ಕೆರೆ ಸಿಕ್ಕವರಿಗೋ, ತೂಬು ಸಿಕ್ಕವರಿಗೋ?
ಉಪ ತಹಶೀಲ್ದಾರ್ ಮೇಡಂ ನಕ್ಕುಬಿಟ್ಟರು:
‘ಕದರಪ್ಪ, ಊಟ ಮಾಡಿ ಬನ್ನಿ.’

ಮಧ್ಯಾಹ್ನ ಟ್ರ್ಯಾಕ್ಟರ್ ಬಂತು.
ಟ್ರೇಲರಿನ ತಗಡು ಹಳೇ ಕಟ್ಟುಗಳನ್ನು ಉಜ್ಜಿ ಹರಿಯಬಾರದೆಂದು
ಹಿತ್ತಲ ಬೇಲಿಯಂಚಿನ ಕರಡ ಕೊಯ್ದು
ಅಡಿಗೆ ದಪ್ಪಗೆ ಹಾಸಿದೆ.
ಎಷ್ಟಾಯಿತೆಂದು ಕೈಯಲ್ಲೇ ಅಂದಾಜು ಮಾಡಿದೆ,
ಒಂದು ಹೊರೆಗೆ ಮೋಸವಿಲ್ಲ.

ಹಾಗೇ ಹೊರಟಿದ್ದೇನೆ, ಕಟ್ಟುಗಳ ಮೇಲೆ ಕೂತು.
ಶಿರಾದಲ್ಲಿ ಇಳಿಸಿಕೊಳ್ಳುವವರು ಯಾರಿದ್ದರೂ
ಮೊದಲು ಹುಲ್ಲಿಗೆ ರಸೀತಿ ಕೇಳುತ್ತೇನೆ.